ಹಡಗು ಹತ್ತುವ ಮೊದಲೇ ಕೊಡುವ ಟಿಪ್ಸು

ಟೆಕ್ಸಾಸ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಕ್ರೂಸ್ ಪ್ರವಾಸವೆಂದರೆ ಹೆಚ್ಚಾಗಿ ಗ್ಯಾಲ್ವೆಸ್ಟನ್ ಬಂದರು. ಹ್ಯೂಸ್ಟನ್‌ನಿಂದ ಅದು ಗಂಟೆಯ ದಾರಿ. ವಿಮಾನದ ಖರ್ಚಿಲ್ಲ, ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನು ಹೆಚ್ಚು ದಣಿಸದೆ ಕೊಝುಮೆಲ್, ರೊವಾಟಾನ್ ದ್ವೀಪಗಳನ್ನು ತೋರಿಸಿಕೊಂಡು ಬರಬಹುದು. ನಾಲ್ಕೈದು ಮನೆಯವರು ಸೇರಿ ಬುಕಿಂಗ್ ಮಾಡಲು ಕುಳಿತಾಗ ಕೋಣೆಗೆ ಬಾಲ್ಕನಿ ಬೇಕೇ, ರಾತ್ರಿಯ ಊಟ ಎಷ್ಟು ಹೊತ್ತಿಗೆ ಎಂಬುದೆಲ್ಲ ಬೇಗನೆ ಇತ್ಯರ್ಥವಾಗುತ್ತದೆ. ಮಾತು ತಡೆದು ನಿಲ್ಲುವುದು ಹಣ ಕಟ್ಟುವ ಪುಟದಲ್ಲಿ, ಸಿಬ್ಬಂದಿಗೆ ಕೊಡುವ ಟಿಪ್ಸನ್ನು ಈಗಲೇ ಸೇರಿಸಬೇಕೇ ಎಂದು ಕೇಳುವ ಸಾಲಿನ ಬಳಿ. ಈ ಮೊತ್ತವನ್ನು ಮೊದಲೇ ಕಟ್ಟಬೇಕು, ಹಡಗು ಹತ್ತಿದ ಮೇಲೆ ಅದನ್ನು ನಮ್ಮ ಖಾತೆಯಿಂದ ತೆಗೆಸಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಾಗೆಂದು ಈ ಏರ್ಪಾಟು ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ತಪ್ಪು ಕಂಪನಿಗಳ ಕಡೆ ಇದೆ. ಅದರ ಬೆಲೆಯನ್ನು ಕೋಣೆ ಗುಡಿಸುವವರಿಂದ ವಸೂಲು ಮಾಡುವುದು ನ್ಯಾಯವಲ್ಲ.

ಮೊತ್ತ ಸಣ್ಣದೇನಲ್ಲ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯ ಕೋಣೆಗೆ ತಲೆಗೆ ದಿನಕ್ಕೆ ಸರಿಸುಮಾರು 16ರಿಂದ 20 ಡಾಲರ್ ಆಗುತ್ತದೆ, ಸೂಟ್‌ಗಳಿಗೆ ಇನ್ನೂ ಹೆಚ್ಚು. 18 ಡಾಲರ್ ಎಂದು ಹಿಡಿದರೂ ನಾಲ್ವರ ಕುಟುಂಬಕ್ಕೆ 7 ರಾತ್ರಿಗೆ 504 ಡಾಲರ್. ತೀರ ಎಳೆಯ ಕೂಸುಗಳಿಗೆ ಕೆಲವು ಕಂಪನಿಗಳಲ್ಲಿ ವಿನಾಯಿತಿ ಉಂಟು, ಐದು ವರ್ಷದ ಮಗುವಿಗೆ ಇಲ್ಲ. ಹಡಗಿನ ಬಾರಿನಲ್ಲಿ ಕುಡಿದದ್ದಕ್ಕೆ, ಸ್ಪಾದಲ್ಲಿ ಮಾಡಿಸಿಕೊಂಡದ್ದಕ್ಕೆ ಶೇಕಡ 18ರಿಂದ 20ರಷ್ಟು ಬೇರೆಯೇ ಸೇರಿಕೊಳ್ಳುತ್ತದೆ. ಮೊದಲೇ ಕಟ್ಟಿದರೆ ಆಮೇಲೆ ದರ ಏರಿದರೂ ನಮಗೆ ಹಳೆಯ ದರವೇ ಉಳಿಯುತ್ತದೆ, ಪ್ರವಾಸ ರದ್ದಾದರೆ ಆ ಹಣ ಹಿಂದಕ್ಕೆ ಬರುತ್ತದೆ. ಕಟ್ಟದಿದ್ದರೆ ಹಡಗಿನ ಖಾತೆಗೆ ದಿನದಿನವೂ ಬಿದ್ದು ಕೊನೆಯ ದಿನದ ಬಿಲ್ಲಿನಲ್ಲಿ ಒಟ್ಟಾಗಿ ಎದುರಾಗುತ್ತದೆ. ಹಡಗಿನಲ್ಲಿ ಖರ್ಚು ಮಾಡಲೆಂದು ಕಂಪನಿಯೇ ಕೊಟ್ಟ ಆನ್‌ಬೋರ್ಡ್ ಕ್ರೆಡಿಟ್ ಕೈಯಲ್ಲಿದ್ದವರು ಮಾತ್ರ ಮೊದಲೇ ಕಟ್ಟದೆ ಆ ಕ್ರೆಡಿಟ್‌ನಿಂದ ತೀರಿಸಿಕೊಳ್ಳುವುದು ಜಾಣತನ; ಸಿಬ್ಬಂದಿಗೆ ಅದರಿಂದ ವ್ಯತ್ಯಾಸವಾಗುವುದಿಲ್ಲ.

ನಮ್ಮವರ ಆಕ್ಷೇಪ ಹಣಕ್ಕಿಂತ ಹೆಚ್ಚಾಗಿ ಕ್ರಮದ ಬಗ್ಗೆ. ಕೆಲಸ ನೋಡುವ ಮೊದಲೇ ಕೈ ಬಿಚ್ಚುವುದು ನಮಗೆ ಅಭ್ಯಾಸವಿಲ್ಲ. ದರ್ಶಿನಿಯಲ್ಲಿ ನಿಂತು ಇಡ್ಲಿ ತಿಂದವರು ಟಿಪ್ಸಿನ ಯೋಚನೆಯನ್ನೇ ಮಾಡುವುದಿಲ್ಲ. ಕುಳಿತು ಉಣ್ಣುವ ಹೋಟೆಲಿನಲ್ಲಿ ಸೋಂಪಿನ ಜೊತೆ ಬಿಲ್ಲು ಬಂದಾಗ ಚಿಲ್ಲರೆಯನ್ನೋ ಒಂದೆರಡು ನೋಟನ್ನೋ ಬಿಟ್ಟು ಏಳುತ್ತೇವೆ. ಮನೆಕೆಲಸದವರಿಗೆ ದೀಪಾವಳಿಯ ಇನಾಮು ವರ್ಷವಿಡೀ ದುಡಿದ ಮೇಲೆ ಸಲ್ಲುತ್ತದೆ. ಮದುವೆ ಮನೆಯಲ್ಲಿ ಕಡೆಯ ಪಂಕ್ತಿ ಎದ್ದ ನಂತರವೇ ಯಜಮಾನರು ಅಡುಗೆಯವರನ್ನು ಕರೆದು, ಸಾರು ಚೆನ್ನಾಗಿತ್ತೆಂದು ಹೇಳಿ, ತಾಂಬೂಲದ ಜೊತೆ ಒಂದಿಷ್ಟು ಮೇಲೆ ಕೊಡುವುದು. ಹಾಗೆ ಬೆಳೆದು ಬಂದವರಿಗೆ ಹಡಗನ್ನು ಕಣ್ಣಿಂದ ನೋಡುವ ಆರು ತಿಂಗಳ ಮೊದಲೇ ಸೇವೆಯ ಮೆಚ್ಚುಗೆಯನ್ನು ಕಾರ್ಡಿನಲ್ಲಿ ಕಟ್ಟುವುದು ತಲೆಕೆಳಗಾಗಿ ಕಾಣುವುದು ಸಹಜ.

ಆದರೆ ಅಡುಗೆಯವರ ಉದಾಹರಣೆಯನ್ನೇ ಸ್ವಲ್ಪ ಮುಂದಕ್ಕೆ ಒಯ್ಯಬೇಕು. ಮದುವೆಗೆ ತಿಂಗಳಿರುವಾಗಲೇ ಅಡುಗೆ ಭಟ್ಟರ ಜೊತೆ ಕುಳಿತು ಎಷ್ಟು ಎಲೆ, ಎಷ್ಟು ಜನ ಸಹಾಯಕರು, ಒಟ್ಟು ಎಷ್ಟು ಹಣ ಎಂದು ಮಾತಾಡಿ ಮುಂಗಡ ಕೊಟ್ಟಿರುತ್ತೇವೆ. ಸಾರಿಗೆ ಉಪ್ಪು ಹೆಚ್ಚಾದರೂ ಆ ಹಣ ಕೊಡಲೇಬೇಕು. ತಾಂಬೂಲದ ಜೊತೆ ಕೊಡುವುದು ನಿಜವಾಗಿಯೂ ಮೇಲಿನದು, ಅದಿಲ್ಲದಿದ್ದರೂ ಅವರ ದುಡಿಮೆಗೆ ಬೆಲೆ ಸಂದಿರುತ್ತದೆ. ಹಡಗಿನಲ್ಲಿ ನಾವು ಮೊದಲೇ ಕಟ್ಟುವ ಮೊತ್ತ ತಾಂಬೂಲದ ಕಡೆಗಲ್ಲ, ಭಟ್ಟರಿಗೆ ಕೊಡುವ ಮುಂಗಡದ ಕಡೆಗೆ ಸೇರಿದ್ದು. ಕೋಣೆ ನೋಡಿಕೊಳ್ಳುವವರ, ಊಟದ ಸಭಾಂಗಣದಲ್ಲಿ ಬಡಿಸುವವರ ತಿಂಗಳ ಆದಾಯದಲ್ಲಿ ಇದರ ಪಾಲು ದೊಡ್ಡದು. ಕಂಪನಿ ಕೊಡುವ ಮೂಲ ಸಂಬಳ ಇದನ್ನು ನಂಬಿಕೊಂಡೇ ನಿಗದಿಯಾಗಿರುತ್ತದೆ.

ಇದು ಸಾಧ್ಯವಾದದ್ದು ಹೇಗೆಂದು ತಿಳಿಯಲು ಹಡಗಿನ ಹಿಂಭಾಗದಲ್ಲಿ ಬರೆದಿರುವ ಊರಿನ ಹೆಸರು ನೋಡಿದರೆ ಸಾಕು. ಗ್ಯಾಲ್ವೆಸ್ಟನ್‌ನಿಂದ ಹೊರಡುವ ಹಡಗಿನ ಮೇಲೆ ಪನಾಮಾ ಎಂದೋ ನಸ್ಸಾವು ಎಂದೋ ಇರುತ್ತದೆ. ಕಂಪನಿಯ ಕಚೇರಿ ಮಯಾಮಿಯಲ್ಲಿ, ಪ್ರಯಾಣಿಕರಲ್ಲಿ ಹೆಚ್ಚಿನವರು ಅಮೆರಿಕದವರು, ಹಡಗಿನ ನೋಂದಣಿ ಮಾತ್ರ ಪನಾಮಾ, ಬಹಾಮಾಸ್, ಬರ್ಮುಡಾದಂಥ ದೇಶಗಳಲ್ಲಿ. ಹಡಗಿನ ಮೇಲಿನ ದುಡಿಮೆಗೆ ಅನ್ವಯಿಸುವುದು ಧ್ವಜದ ದೇಶದ ಕಾನೂನಾದ್ದರಿಂದ ಅಮೆರಿಕದ ಕನಿಷ್ಠ ಕೂಲಿ ಅಲ್ಲಿಗೆ ತಲುಪುವುದಿಲ್ಲ. ಕಾರ್ಮಿಕರಿಗೆ ಇರುವ ಆಸರೆಯೆಂದರೆ 2006ರಲ್ಲಿ ಅಂಗೀಕಾರವಾಗಿ 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸಾಗರ ಕಾರ್ಮಿಕ ಒಪ್ಪಂದ. ಭಾರತವೂ 2015ರಲ್ಲಿ ಅದನ್ನು ಒಪ್ಪಿಕೊಂಡಿದೆ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಇರಬೇಕೆಂಬುದು ಅದರ ನಿಯಮಗಳಲ್ಲೊಂದು. ಅದನ್ನೇ ತಿರುಗಿಸಿ ಓದಿದರೆ ವಾರದಲ್ಲಿ 91 ಗಂಟೆ ದುಡಿಸಲು ಅವಕಾಶವಿದೆ ಎಂದಾಯಿತು. ಅನುಭವಿ ನಾವಿಕರಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಚೌಕಟ್ಟಿನಲ್ಲಿ ಶಿಫಾರಸಾಗಿದ್ದ ಕನಿಷ್ಠ ಮೂಲ ಸಂಬಳ 2025ರಲ್ಲಿ ತಿಂಗಳಿಗೆ 673 ಡಾಲರ್ ಇತ್ತು. ಬಡಿಸುವವರಿಗೆ, ಕೋಣೆ ಗುಡಿಸುವವರಿಗೆ ಅಂಥದೊಂದು ಅಂಕಿಯೂ ಇಲ್ಲ.

ದಡದ ಮೇಲಿನ ಅಮೆರಿಕವೂ ಈ ವಿಷಯದಲ್ಲಿ ಮೇಲ್ಪಂಕ್ತಿಯೇನಲ್ಲ. ಟಿಪ್ಸು ಪಡೆಯುವ ನೌಕರರಿಗೆ ಮಾಲೀಕರು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕೆಂಬ ಫೆಡರಲ್ ನಿಯಮ 1991ರಿಂದ ಒಂದು ಸೆಂಟೂ ಏರಿಲ್ಲ, 7.25 ಡಾಲರ್‌ನ ಕನಿಷ್ಠ ಕೂಲಿಗೆ ಕಡಿಮೆ ಬೀಳುವುದನ್ನು ಟಿಪ್ಸು ತುಂಬಬೇಕು, ತುಂಬದಿದ್ದರೆ ಮಾತ್ರ ಮಾಲೀಕರು. ನಾನಿರುವ ಟೆಕ್ಸಾಸ್ ಇದನ್ನೇ ಪಾಲಿಸುತ್ತದೆ, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂಥ ಕೆಲವು ರಾಜ್ಯಗಳು ಒಪ್ಪಿಕೊಂಡಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಶೇಕಡ 20ರ ಟಿಪ್ಸು ಕಂಡು ಗೊಣಗುವ ನಮ್ಮವರು ಈ ಲೆಕ್ಕ ತಿಳಿದ ಮೇಲೆ ಸುಮ್ಮನೆ ಕೊಡುತ್ತಾರೆ. ಹಡಗಿನ ವಿಷಯದಲ್ಲಿ ಅದೇ ತಿಳಿವಳಿಕೆ ಇನ್ನೂ ಬಂದಿಲ್ಲ.

ಹಿಂದೆ ಕ್ರಮ ಬೇರೆ ಇತ್ತು. ಪ್ರವಾಸದ ಕೊನೆಯ ರಾತ್ರಿ ಕೋಣೆಗೆ ಸಣ್ಣ ಲಕೋಟೆಗಳು ಬರುತ್ತಿದ್ದವು; ಕೋಣೆಯವರಿಗೊಂದು, ಬಡಿಸುವವರಿಗೊಂದು, ಅವರ ಸಹಾಯಕರಿಗೊಂದು, ಮುಖ್ಯಸ್ಥರಿಗೊಂದು ಎಂದು ನಗದು ತುಂಬಿ ಕೈಗೆ ಕೊಡಬೇಕಿತ್ತು. ಮುಖ ನೋಡಿ ಕೊಡುವ ಆ ಪದ್ಧತಿಯೇ ಮನುಷ್ಯರ ನಡುವೆ ಇರಬೇಕಾದದ್ದು ಎಂದು ಹಳಬರು ಈಗಲೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಲಕೋಟೆ ತಲುಪುತ್ತಿದ್ದುದು ನಮಗೆ ಕಾಣಿಸುವವರಿಗೆ ಮಾತ್ರ, ಮತ್ತು ಕೊನೆಯ ರಾತ್ರಿ ಊಟದ ಸಭಾಂಗಣಕ್ಕೆ ಬಾರದೆ ಬಫೆಯಲ್ಲಿ ಉಂಡು ತಪ್ಪಿಸಿಕೊಳ್ಳುವುದು ಯಾರಿಗಾದರೂ ಸುಲಭವಿತ್ತು.

ಕಾಣಿಸದವರ ಮಾತಿಗೆ ಒಂದು ಉದಾಹರಣೆ ಕೊಡುತ್ತೇನೆ. ಕಳೆದ ಚಳಿಗಾಲದ ಪ್ರವಾಸದಲ್ಲಿ ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಬೆಳ್ತಂಗಡಿ ಕಡೆಯವನು. ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಹಡಗಿನ ಕೆಲಸಕ್ಕೆ ಬೇಕಾದ ಎಸ್‌ಟಿಸಿಡಬ್ಲ್ಯೂ ಎಂಬ ಸುರಕ್ಷತಾ ಕೋರ್ಸು ಮುಗಿಸಿ, ಮುಂಬಯಿಯ ಏಜೆನ್ಸಿಯ ಮೂಲಕ ಸಂದರ್ಶನ ಕೊಟ್ಟು, ನಾವಿಕರ ದಾಖಲೆ ಪುಸ್ತಕವಾದ ಸಿಡಿಸಿ ಮಾಡಿಸಿ, ಅಮೆರಿಕದ ವೀಸಾ ತೆಗೆದುಕೊಂಡು ಹಡಗು ಹತ್ತುವ ಹಾದಿ ಕರಾವಳಿಯ ಎಷ್ಟೋ ಮನೆಗಳಿಗೆ ಪರಿಚಿತವಾದದ್ದೇ. ಮೊದಲ ರಾತ್ರಿ ನನ್ನ ಅಮ್ಮ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಸಿಗುವುದೇ ಎಂದು ಹಿಂಜರಿಯುತ್ತ ಕೇಳಿದರು. ಮುಖ್ಯಸ್ಥರು ಬಂದು ಬರೆದುಕೊಂಡು ಹೋದರು. ಮರುದಿನದಿಂದ ಅಮ್ಮನಿಗೆ ಬೇರೆಯೇ ಬಟ್ಟಲಲ್ಲಿ ತೊವ್ವೆ ಬಂತು. "ಇದಕ್ಕೆ ನೀರುಳ್ಳಿ ಹಾಕಲಿಲ್ಲ ಅಮ್ಮ, ನಾನು ಹೇಳಿಯೇ ಮಾಡಿಸಿದ್ದು," ಎನ್ನುತ್ತ ಅವನು ಮೇಲಿನ ಡೆಕ್ಕಿನ ಬಫೆಗೆ ಹೋಗಿ ಮೊಸರನ್ನೂ ತಂದಿಟ್ಟ. ಅವನ ಕೈಗೆ ನಾನು ನಗದು ಕೊಡಬಹುದು, ಕೊಟ್ಟೆ ಕೂಡ. ಆದರೆ ಆ ಒಂದು ಬಟ್ಟಲಿಗಾಗಿ ಬೇರೆ ಪಾತ್ರೆ ಇಟ್ಟು ಬೇಯಿಸಿದವರು, ಆ ಪಾತ್ರೆ ತೊಳೆದವರು, ಮೇಜಿನ ಬಟ್ಟೆ ಒಗೆದು ಇಸ್ತ್ರಿ ಮಾಡಿದವರು ನಮಗೆ ಎಂದೂ ಕಾಣಸಿಗುವುದಿಲ್ಲ. ತೆರೆಮರೆಯಲ್ಲಿ ದುಡಿಯುವ ಇಂಥವರಲ್ಲಿ ಅನೇಕರಿಗೆ ಪಾಲು ತಲುಪಲು ಈಗಿರುವ ದಾರಿ ಎಲ್ಲರ ಹಣವೂ ಒಂದೆಡೆ ಸೇರಿ ಹಂಚಿಕೆಯಾಗುವ ಈ ಪದ್ಧತಿಯೊಂದೇ.

ಟಿಪ್ಸಿನ ವಿಷಯ ನಾನೇ ಎತ್ತಿದಾಗ ಅವನು ನಕ್ಕು, "ಅದರ ಬಗ್ಗೆ ನಾವು ಮಾತಾಡುವ ಹಾಗಿಲ್ಲ ಅಣ್ಣ," ಎಂದಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಹೋದ. ನಾನು ಮತ್ತೆ ಕೇಳಲಿಲ್ಲ.

ಪ್ರವಾಸ ಮುಗಿಯುವ ಹಿಂದಿನ ಮಧ್ಯಾಹ್ನ ಗೆಸ್ಟ್ ಸರ್ವೀಸಸ್ ಕೌಂಟರಿನ ಮುಂದೆ ಬೆಳೆಯುವ ಸಾಲನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಬಿಲ್ಲಿನ ತಪ್ಪು ಸರಿಪಡಿಸಿಕೊಳ್ಳಲು ಬಂದವರ ನಡುವೆ ಟಿಪ್ಸು ತೆಗೆಸಲು ನಿಂತವರೂ ಇರುತ್ತಾರೆ, ಅವರಲ್ಲಿ ನಮ್ಮ ದೇಶದವರೂ ಇರುತ್ತಾರೆ. ತೆಗೆಸುವ ಹಕ್ಕು ಪ್ರಯಾಣಿಕರಿಗಿದೆ, ಕಾರಣವನ್ನು ಹೆಚ್ಚು ಕೆದಕದೆ ತೆಗೆದೂ ಕೊಡುತ್ತಾರೆ. ಒಬ್ಬರ ಸೇವೆ ನಿಜವಾಗಿಯೂ ಕೆಟ್ಟದಾಗಿದ್ದರೆ ಎರಡನೆಯ ದಿನವೇ ಅದೇ ಕೌಂಟರಿನಲ್ಲಿ ಹೇಳಿದರೆ ಸರಿಹೋಗುತ್ತದೆ. ಏಳು ದಿನ ಸುಮ್ಮನಿದ್ದು ಕೊನೆಯಲ್ಲಿ ಇಡೀ ಮೊತ್ತವನ್ನು ಹಿಂದೆಗೆದುಕೊಂಡರೆ ಪೆಟ್ಟು ಬೀಳುವುದು ತಪ್ಪು ಮಾಡಿದವರೊಬ್ಬರ ಮೇಲಲ್ಲ. ತಾವು ನೇರವಾಗಿ ನಗದು ಕೊಡುತ್ತೇವೆ, ಅದಕ್ಕಾಗಿ ತೆಗೆಸುತ್ತಿದ್ದೇವೆ ಎನ್ನುವವರಲ್ಲಿ ಪ್ರಾಮಾಣಿಕರು ಖಂಡಿತ ಇದ್ದಾರೆ. ಅವರ ನಗದೂ ಅಡುಗೆಮನೆಯ ಒಳಗೆ ಹೋಗುವುದಿಲ್ಲ.

ಬೆಂಗಳೂರಿನ ಗೆಳೆಯರೊಬ್ಬರು ಈ ವಿಷಯದಲ್ಲಿ ನನ್ನೊಡನೆ ಗಟ್ಟಿಯಾಗಿ ವಾದಿಸಿದರು. ಹೋಟೆಲುಗಳು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಭಾರತದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮಲ್ಲಿ ತಪ್ಪಾದದ್ದು ಹಡಗಿನಲ್ಲಿ ಹೇಗೆ ಸರಿಯಾಗುತ್ತದೆ ಎಂಬುದು ಅವರ ಪ್ರಶ್ನೆ. ಆ ತೀರ್ಪನ್ನು ನಾನೂ ಒಪ್ಪುತ್ತೇನೆ. ಬೆಂಗಳೂರಿನ ಹೋಟೆಲಿನ ಸಪ್ಲೈಯರಿಗೆ ಕರ್ನಾಟಕ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನ ಅನ್ವಯಿಸುತ್ತದೆ. ಅದು ಸಾಲದೆಂಬುದು, ಎಲ್ಲ ಕಡೆ ಪಾಲನೆಯಾಗುವುದಿಲ್ಲವೆಂಬುದು ನಿಜವಾದರೂ ದೂರು ಕೊಡಲು ಕಾರ್ಮಿಕ ಇಲಾಖೆಯ ಬಾಗಿಲಾದರೂ ಊರಿನಲ್ಲೇ ಇದೆ. ನಡುಸಮುದ್ರದಲ್ಲಿ ಪನಾಮಾ ಧ್ವಜದ ಕೆಳಗೆ, ಆರರಿಂದ ಒಂಬತ್ತು ತಿಂಗಳ ಕರಾರಿನಲ್ಲಿ, ವಾರದ ರಜೆಯೇ ಇಲ್ಲದೆ ದುಡಿಯುವವರಿಗೆ ಅಂಥ ಬಾಗಿಲು ಹತ್ತಿರದಲ್ಲಿಲ್ಲ. ಬೆಂಗಳೂರಿನ ನ್ಯಾಯವನ್ನು ಹಡಗಿಗೆ ಹಾಗೆಯೇ ಎತ್ತಿ ತಂದರೆ ಗ್ರಾಹಕರಿಗೆ ಅನುಕೂಲವಾಗುತ್ತದೆ, ದುಡಿಯುವವರ ಕೈ ಬರಿದಾಗುತ್ತದೆ.

ನನ್ನ ಸಿಟ್ಟೆಲ್ಲ ಕಂಪನಿಗಳ ಮೇಲೆ, ಏಕೆಂದರೆ ಇದಕ್ಕಿಂತ ಒಳ್ಳೆಯ ದಾರಿ ಅವರಿಗೇ ಗೊತ್ತಿದೆ. ಮಯಾಮಿಯ ದೊಡ್ಡ ಕ್ರೂಸ್ ಕಂಪನಿಯಾದ ಕಾರ್ನಿವಲ್ ಸಮೂಹಕ್ಕೇ ಸೇರಿದ ಬ್ರಿಟನ್ನಿನ ಪಿ ಆಂಡ್ ಓ ಕ್ರೂಸಸ್ 2019ರ ಮೇ ತಿಂಗಳಿನಿಂದ ದಿನದ ಸೇವಾ ಶುಲ್ಕವನ್ನು ಕೈಬಿಟ್ಟು ಟಿಕೆಟ್ ದರದೊಳಗೇ ಎಲ್ಲವನ್ನೂ ಸೇರಿಸಿತು. ಟಿಪ್ಸಿನ ರೂಢಿ ಅಷ್ಟಾಗಿ ಇಲ್ಲದ ಆಸ್ಟ್ರೇಲಿಯಾದ ಬಂದರುಗಳಿಂದ ಹೊರಡುವಾಗಲೂ ಕಾರ್ನಿವಲ್ ಅದನ್ನು ದರದಲ್ಲೇ ಸೇರಿಸುತ್ತದೆ. ಮಾಲೀಕರು ಒಬ್ಬರೇ, ಕೋಣೆ ಗುಡಿಸುವವರು ಬರುವ ಊರುಗಳೂ ಬಹುಪಾಲು ಅವೇ. ಅಮೆರಿಕದವರು ಟಿಪ್ಸು ಕೊಡಲು ಒಗ್ಗಿಹೋಗಿದ್ದಾರೆಂಬ ಒಂದೇ ಕಾರಣಕ್ಕೆ ಗ್ಯಾಲ್ವೆಸ್ಟನ್‌ನಲ್ಲಿ, ಮಯಾಮಿಯಲ್ಲಿ ಸಂಬಳದ ಭಾರವನ್ನು ಪ್ರಯಾಣಿಕರ ಇಷ್ಟಕ್ಕೆ ಬಿಟ್ಟಿರುವುದು. ಕಟ್ಟಿದ ಹಣ ಯಾವ ಯಾವ ವಿಭಾಗಕ್ಕೆ ಎಷ್ಟೆಷ್ಟು ಹೋಗುತ್ತದೆ ಎಂಬ ವಿವರವಾದ ಲೆಕ್ಕವನ್ನೂ ಪ್ರಯಾಣಿಕರ ಮುಂದೆ ಇಡುವುದಿಲ್ಲ, ಇಡಲೇಬೇಕೆಂದು ನಾವು ಕೇಳಬೇಕು.

ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಕಾನೂನಿನ ಪ್ರಕಾರ ಕಡ್ಡಾಯವಾದ ಶುಲ್ಕಗಳನ್ನು ಜಾಹೀರಾತಿನ ದರದಲ್ಲೇ ತೋರಿಸಬೇಕು. ಆ ದಿನದಿಂದ ಪ್ರಮುಖ ಕ್ರೂಸ್ ಕಂಪನಿಗಳು ಬಂದರಿನ ಶುಲ್ಕ, ತೆರಿಗೆಗಳನ್ನು ಸೇರಿಸಿಯೇ ದರ ಹೇಳತೊಡಗಿದವು. ಟಿಪ್ಸು ಮಾತ್ರ ಹೊರಗೆ ಉಳಿಯಿತು, ಏಕೆಂದರೆ ಪ್ರಯಾಣಿಕರು ಬಯಸಿದರೆ ತೆಗೆಸಬಹುದಾದದ್ದು ಕಡ್ಡಾಯವಲ್ಲ. ಕೌಂಟರಿನಲ್ಲಿ ತೆಗೆಸಲು ಬಿಡುವ ಉದಾರತೆಯಿಂದ ಕಂಪನಿಗೆ ಆಗುವ ಲಾಭ ಇಲ್ಲಿದೆ: ಏಳು ರಾತ್ರಿಯ ಪ್ರವಾಸ ನಾಲ್ವರಿಗೆ 504 ಡಾಲರ್ ಅಗ್ಗವಾಗಿ ಕಾಣುತ್ತದೆ, ಯಾರಾದರೂ ತೆಗೆಸಿದರೆ ನಷ್ಟ ಬೆಳ್ತಂಗಡಿಯ ಹುಡುಗನಂಥವರ ಲೆಕ್ಕಕ್ಕೆ ಹೋಗುತ್ತದೆ. ಈ ಮೊತ್ತವನ್ನು ದರದೊಳಗೆ ತರಬೇಕೆಂದು ಪ್ರವಾಸದ ನಂತರ ಬರುವ ಅಭಿಪ್ರಾಯದ ಫಾರಂನಲ್ಲಿ ನಾನು ಬರೆಯುತ್ತ ಬಂದಿದ್ದೇನೆ. ಚೆನ್ನಾಗಿ ದುಡಿದವರ ಹೆಸರುಗಳನ್ನೂ ಅದರಲ್ಲೇ ಬರೆಯುತ್ತೇನೆ. ನಮ್ಮ ಗುಂಪಿನ ಮಟ್ಟಿಗೆ ಹೇಳುವುದಾದರೆ, ಈಗ ಬುಕಿಂಗ್ ನೋಡಿಕೊಳ್ಳುವವರು ಟಿಪ್ಸನ್ನೂ ಕೂಡಿಸಿಯೇ ಮನೆಮನೆಗೆ ತಲಾ ಖರ್ಚು ತಿಳಿಸುತ್ತಾರೆ, ಆ ದರ ಜೇಬಿಗೆ ಹೊಂದದಿದ್ದರೆ ಏಳು ರಾತ್ರಿಯ ಬದಲು ಐದು ರಾತ್ರಿಯ ಹಡಗನ್ನು ಹುಡುಕುತ್ತೇವೆ.