ಸೈಟೇಶನ್ ಎಷ್ಟು ಅಂತ ಹೇಳಿದ್ರು, ಬಿಡಿಸಿದ ಲೆಕ್ಕ ಯಾವುದು ಅಂತ ಹೇಳಲಿಲ್ಲ

ಮಡಿಕೇರಿಯ ಸನ್ಮಾನ ಸಭೆಯೊಂದರಿಂದ ಈಗಷ್ಟೇ ಎದ್ದು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಆಪ್ಟಿಮೈಸೇಶನ್ ಗಣಿತಕ್ಕೆ, ಅಂದರೆ ಷರತ್ತುಗಳೊಳಗೆ ಎಲ್ಲಕ್ಕಿಂತ ಒಳ್ಳೇ ಉತ್ತರ ಹುಡುಕೋ ವಿದ್ಯೆಗೆ, ಬದುಕನ್ನೇ ಕೊಟ್ಟವರಿಗೆ ಸನ್ಮಾನ. ಪರಿಚಯ ಭಾಷಣದಲ್ಲಿ ಬಂದಿದ್ದು ಸೈಟೇಶನ್ ಸಂಖ್ಯೆ (ಅವರ ಪೇಪರುಗಳನ್ನ ಬೇರೆ ಪೇಪರುಗಳು ಎಷ್ಟು ಸಲ ಉಲ್ಲೇಖಿಸಿವೆ ಅನ್ನೋ ಎಣಿಕೆ), ಅದರಿಂದಲೇ ಲೆಕ್ಕ ಹಾಕೋ ಎಚ್-ಇಂಡೆಕ್ಸ್, ಮತ್ತೆ ಸೈಟೇಶನ್ ಸಂಖ್ಯೆ. ಅವರು ಬಿಡಿಸಿದ ಲೆಕ್ಕ ಯಾವುದು ಅನ್ನೋದರ ಬಗ್ಗೆ ಒಂದೇ ಒಂದು ಮಾತಿಲ್ಲ.

ಕಾಫಿ ನಾಡಿನಲ್ಲಿ ಇದನ್ನ ವಿವರಿಸೋದು ಅಷ್ಟು ಕಷ್ಟವೇ? ರೋಬಸ್ಟಾ ಕೊಯ್ಲಾಗಿ ಕಣದಲ್ಲಿ ಚೆರ್ರಿ ಒಣಗಿದೆ ಅಂದ್ಕೊಳ್ಳಿ. 20 ತೋಟ, ಚೆರ್ರಿಯ ಸಿಪ್ಪೆ ತೆಗೆದು ಬೀಜ ಹದ ಮಾಡೋ 4 ಕ್ಯೂರಿಂಗ್ ವರ್ಕ್ಸ್. ಒಟ್ಟು ಬಾಡಿಗೆ ಆದಷ್ಟು ಕಡಿಮೆ ಆಗಬೇಕಾದರೆ ಯಾವ ತೋಟದಿಂದ ಯಾವ ವರ್ಕ್ಸ್‌ಗೆ ಎಷ್ಟು ಚೀಲ? ಕಂಡುಹಿಡಿಯಬೇಕಾದ ಸಂಖ್ಯೆಗಳು ಒಟ್ಟು 80. ಷರತ್ತು 24: ಪ್ರತಿ ತೋಟದ ಮಾಲು ಪೂರ್ತಿ ಹೋಗಬೇಕು, ಯಾವ ವರ್ಕ್ಸೂ ತನ್ನ ಸಾಮರ್ಥ್ಯ ಮೀರಿ ತಗೊಳ್ಳಬಾರದು. ಚೀಲಕ್ಕಿಷ್ಟು ಅಂತ ಬಾಡಿಗೆ ಇದ್ದರೆ ಅಮೆರಿಕದ ಗಣಿತಜ್ಞ ಡ್ಯಾಂಟ್ಜಿಗ್ 1947ರಲ್ಲಿ ಕೊಟ್ಟ ಸಿಂಪ್ಲೆಕ್ಸ್ ವಿಧಾನ ಇದನ್ನ ಲ್ಯಾಪ್‌ಟಾಪ್‌ನಲ್ಲಿ ಕಣ್ಣು ಮಿಟುಕಿಸೋದರಲ್ಲಿ ಬಿಡಿಸುತ್ತೆ. ಅರ್ಧ ಚೀಲ, ಕಾಲು ಚೀಲ ಅನ್ನೋ ಉತ್ತರ ಬರೋದೂ ಇಲ್ಲ. ಈ ಲೆಕ್ಕದ ರಚನೆಯೇ ಹಾಗೆ, ಮಾಲು ಮತ್ತು ಸಾಮರ್ಥ್ಯ ಪೂರ್ಣಾಂಕವಾಗಿದ್ದರೆ ಉತ್ತರವೂ ಪೂರ್ಣಾಂಕ.

ಕೆಡೋದು ಲಾರಿ ಬಂದಾಗ. ಲಾರಿ ತುಂಬಲಿ, ಅರ್ಧ ಖಾಲಿ ಇರಲಿ, ಬಾಡಿಗೆ ಅಷ್ಟೇ. ಅರ್ಧ ಲಾರಿ ಕಳಿಸೋಕಾಗಲ್ಲ. ಅಲ್ಲಿಂದ ಲೆಕ್ಕ ನಿಜಕ್ಕೂ ಕಠಿಣ. ಆದರೂ ಅರ್ಧ ಲಾರಿಗೆ ಅವಕಾಶ ಕೊಟ್ಟು ಒಮ್ಮೆ ಬಿಡಿಸಿದರೆ ಒಂದು ಕೆಳಮಿತಿ ಸಿಗುತ್ತೆ: ಖರ್ಚು ಇದಕ್ಕಿಂತ ಕೆಳಗಿಳಿಯೋಕಾಗಲ್ಲ ಅನ್ನೋ ಮೊತ್ತ. ಅದು 97,000 ರೂಪಾಯಿ, ನಿಮ್ಮ ಕೈಲಿರೋ ಯೋಜನೆಗೆ 1,00,000 ಅಂತಾದರೆ, ಜಗತ್ತಿನಲ್ಲಿ ಯಾರೇ ಬಂದರೂ ಇನ್ನು 3,000ಕ್ಕಿಂತ ಹೆಚ್ಚು ಉಳಿಸಿಕೊಡೋಕಾಗಲ್ಲ. ಇದು ಅಂದಾಜಲ್ಲ, ರುಜುವಾತು. ಉತ್ತರ ಎಷ್ಟು ಒಳ್ಳೇದು ಅಂತ ಹೀಗೆ ಅಳೆದು ತೋರಿಸಬಲ್ಲ ವಿದ್ಯೆ ಇದು. ಅದರ ಪಂಡಿತರನ್ನ ಎಷ್ಟು ಜನ ಹೆಸರು ಹೇಳಿದ್ರು ಅಂತ ಎಣಿಸಿ ತೂಗ್ತೀವಲ್ಲ, ಅದೇ ನನಗೆ ತಡ್ಕೊಳ್ಳೋಕಾಗದಿರೋದು.

ಸೈಟೇಶನ್ ಬಿಟ್ಟರೆ ಅಳೆಯೋಕೆ ಬೇರೇನಿದೆ ಅಂತ ಕೇಳೋರಿದ್ದಾರೆ. ಕಲ್ಯಾಣ್ಮಯ್ ದೇಬ್ ಮತ್ತು ಸಂಗಡಿಗರು ಐಐಟಿ ಕಾನ್ಪುರದಿಂದ 2002ರಲ್ಲಿ ಪ್ರಕಟಿಸಿದ, ಒಟ್ಟಿಗೆ ಹಲವು ಗುರಿಗಳನ್ನ ತೂಗಿ ಉತ್ತರ ಹುಡುಕೋ ಎನ್‌ಎಸ್‌ಜಿಎ-2 ವಿಧಾನದ ಪೇಪರಿಗೆ ಹತ್ತಾರು ಸಾವಿರ ಸೈಟೇಶನ್ ಇದೆ, ಎಂಜಿನಿಯರುಗಳು ದಿನಾ ಬಳಸ್ತಾರೆ. ಅಲ್ಲಿ ಸಂಖ್ಯೆಗೆ ಬೆಲೆ ಇದೆ, ಒಪ್ಪಿದೆ. ಆದರೆ ಅಮೆರಿಕದ ಗಣಿತಜ್ಞ ಕರುಷ್ ಕಥೆ ಏನು? ಕೂನ್ ಮತ್ತು ಟಕ್ಕರ್ 1951ರಲ್ಲಿ ಪ್ರಕಟಿಸಿ ಹೆಸರಾದ, ಅತ್ಯುತ್ತಮ ಉತ್ತರ ಪಾಲಿಸಬೇಕಾದ ಷರತ್ತುಗಳನ್ನ ಆತ 1939ರಲ್ಲೇ ಶಿಕಾಗೋದ ಎಂಎಸ್ ಪ್ರಬಂಧದಲ್ಲಿ ಬರೆದಿದ್ದ. ಪ್ರಬಂಧ ಆಗ ಅಚ್ಚಾಗಲೇ ಇಲ್ಲ. ಸೋವಿಯತ್ ನಾಡಿನ ಡಿಕಿನ್ ಇಂಥ ಲೆಕ್ಕ ಬಿಡಿಸೋಕೆ 1967ರಲ್ಲಿ ಕೊಟ್ಟ ವಿಧಾನ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ನಮ್ಮ ನರೇಂದ್ರ ಕರ್ಮಾರ್ಕರ್ 1984ರಲ್ಲಿ ಅದೇ ಬಗೆಯ ವಿಧಾನದಿಂದ ಸದ್ದು ಮಾಡೋವರೆಗೆ ಪಶ್ಚಿಮದಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಇನ್ನು ಸಿಂಪ್ಲೆಕ್ಸ್. ಎಕ್ಸೆಲ್‌ನ ಸಾಲ್ವರ್ ಒತ್ತಿದವರು ಯಾರಾದರೂ ಡ್ಯಾಂಟ್ಜಿಗ್ ಹೆಸರು ಬರೀತಾರಾ?

ಉಲ್ಟಾ ಕಡೆಯೂ ನೋಡಿ. ತೋಳಗಳ ಬೇಟೆಯನ್ನ ಅನುಕರಿಸಿ ಉತ್ತರ ಹುಡುಕೋ 2014ರ ಬೂದು ತೋಳದ ಅಲ್ಗಾರಿದಮ್‌ಗೆ ಸಾವಿರಗಟ್ಟಲೆ ಸೈಟೇಶನ್. ಇಲ್ಲಿ ಒಂದೊಂದು ತೋಳ ಅಂದರೆ ಒಂದೊಂದು ಅಂದಾಜು ಉತ್ತರ. ಮುಂದಾಳು ತೋಳ ನಿಂತ ಜಾಗವನ್ನ 0ಯಿಂದ 2ರೊಳಗಿನ ಯಾದೃಚ್ಛಿಕ ಸಂಖ್ಯೆಯಿಂದ ಗುಣಿಸಿ ಉಳಿದ ತೋಳಗಳನ್ನ ಸರಿಸೋದು ಅದರ ನಿಯಮ. ಪರೀಕ್ಷೆಗೆ ಬಳಸೋ ರಾಸ್ಟ್ರಿಜಿನ್, ಆಕ್ಲಿ, ಗ್ರೀವಾಂಕ್ ಫಂಕ್ಷನ್‌ಗಳ ಉತ್ತರ ಕೂತಿರೋದು ಸೊನ್ನೆಯಲ್ಲೇ. ಸೊನ್ನೆಯನ್ನ ಯಾವುದರಿಂದ ಗುಣಿಸಿದರೂ ಸೊನ್ನೆ, ಹಾಗಾಗಿ ತೋಳಗಳು ಅಲ್ಲಿಗೇ ಓಡ್ತವೆ. ಉತ್ತರವನ್ನ 37ಕ್ಕೆ ಸರಿಸಿ ಓಡಿಸಿ ನೋಡಿ, ಆ ಅನುಕೂಲ ಹೋಗುತ್ತೆ. ಒಂದು ಸಾಲು ಕೋಡ್ ಬದಲಿಸಿದರೆ ಸಾಕು, ಆದರೂ ಎಷ್ಟೋ ಪೇಪರುಗಳು ಆ ಪರೀಕ್ಷೆ ಮಾಡಿಲ್ಲ. ಇರುವೆಗಳ ನಡೆ ನೋಡಿ ಅಲ್ಗಾರಿದಮ್ ರೂಪಿಸಿದ ಡೊರಿಗೊ ಅವರೇ ಇಬ್ಬರ ಜೊತೆ ಸೇರಿ, ತೋಳ, ತಿಮಿಂಗಿಲ, ಬಾವಲಿ ಇತ್ಯಾದಿ ಆರು ವಿಧಾನಗಳಲ್ಲಿ ಹೊಸದೇನೂ ಇಲ್ಲ ಅಂತ 2023ರಲ್ಲಿ ಪ್ರಕಟವಾದ ಲೇಖನದಲ್ಲಿ ಬಿಡಿಸಿ ತೋರಿಸಿದ್ರು. ಟೀಕೆ ಮಾಡಬೇಕಾದರೆ ಮೂಲ ಪೇಪರನ್ನ ಉಲ್ಲೇಖಿಸಲೇಬೇಕಲ್ಲ. ಹಾಗಾಗಿ ಆ ಟೀಕೆಯಿಂದಲೂ ತೋಳಕ್ಕೆ ಇನ್ನೊಂದು ಸೈಟೇಶನ್ ಸೇರಿತು.