ಆಯಿಲ್ ಯಾವಾಗ ಶುರು ಮಾಡ್ತೀರಿ?

ಹಾಸನದ ಪ್ರದರ್ಶನದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಪಾಳುಬಿದ್ದು ನಿಂತಿರೋ ಶೆಟ್ಟಿಹಳ್ಳಿ ಚರ್ಚಿನ ನನ್ನ ಚಿತ್ರಕ್ಕೆ ಮೊದಲ ಬಹುಮಾನ ಬಂದಿದೆ. ಹಾರೈಸಿದ ಎಲ್ಲರಿಗೂ ಕೈಮುಗಿದೆ. ಖುಷಿಯಾಗಿದೆ, ತುಂಬಾನೇ ಆಗಿದೆ. ಆದರೆ ಹೊದಿಸಿದ ಶಾಲು ಇನ್ನೂ ಹೆಗಲ ಮೇಲಿರುವಾಗಲೇ ದೊಡ್ಡವರೊಬ್ಬರು ಬೆನ್ನು ತಟ್ಟಿ ಕೇಳಿದರು: "ವಾಟರ್ ಕಲರಲ್ಲೇ ಇಷ್ಟು ಚೆನ್ನಾಗಿ ಮಾಡಿದೀರಿ, ಆಯಿಲ್ ಪೇಂಟಿಂಗ್ ಯಾವಾಗ ಶುರು ಮಾಡ್ತೀರಿ?"

ಮಾಡಲ್ಲ ಸಾರ್. ಕೊಳಲು ನುಡಿಸೋರನ್ನ ನಾದಸ್ವರ ಯಾವಾಗ ಹಿಡೀತೀರಿ ಅಂತ ಯಾರಾದ್ರೂ ಕೇಳ್ತಾರಾ?

ನನ್ನ ಬಲ್ಲವರಿಗೆಲ್ಲ ಗೊತ್ತು, ಈ ಪ್ರಶ್ನೆ ನನಗೆ ಹೊಸದಲ್ಲ. ಮದುವೆಮನೆ, ಬ್ಯಾಂಕಿನ ಕ್ಯೂ, ಎಲ್ಲಿ ಸಿಕ್ಕಿದರೂ ಇದೇ. ಜಲವರ್ಣ ಅಂದ್ರೆ ಮಕ್ಕಳ ಡ್ರಾಯಿಂಗ್ ಕ್ಲಾಸು, ಕ್ಯಾನ್ವಾಸು ಏರಿದ ಮೇಲೇ ಕಲಾವಿದ ಅನ್ನೋ ಲೆಕ್ಕ. ಆಯಿಲ್‌ನಲ್ಲಿ ತಪ್ಪಿದರೆ ಕೆರೆದು ಮೇಲೆ ಇನ್ನೊಂದು ಪದರ ಬಳಿಯಬಹುದು. ಜಲವರ್ಣದಲ್ಲಿ ಬಿಳಿ ಬೇಕಾದ ಕಡೆ ಕಾಗದವನ್ನ ಮುಟ್ಟದೆ ಬಿಡಬೇಕು, ಬಿಡೋ ಜಾಗ ಮೊದಲೇ ತಲೆಯಲ್ಲಿರಬೇಕು. ಆ ಚರ್ಚಿನ ಕಮಾನುಗಳಾಚೆ ಕಾಣೋ ಬೆಳಕೆಲ್ಲ ಬರೀ ಕಾಗದ. ಕೆಳಗೆ ಹೇಮಾವತಿಯ ಹಿನ್ನೀರು: ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು ಬೆರೆಸಿದ ಬೂದು. ಒದ್ದೆ ಕಾಗದದ ಹೊಳಪು ಇನ್ನೇನು ಆರುತ್ತೆ ಅನ್ನುವಾಗ ಗೋಡೆಯ ನೆರಳು ಇಳಿಸಬೇಕು. ಬೇಗ ಇಟ್ಟರೆ ಹರಡಿ ಹಾಳು, ತಡವಾದರೆ ಹೂಕೋಸಿನಂಥ ಕಲೆ. ನಮ್ಮ ಜುಲೈ ತಿಂಗಳ ಥಂಡಿಯಲ್ಲಂತೂ ಕಾಗದ ಆರೋದೇ ಇಲ್ಲ, ಹೇರ್ ಡ್ರೈಯರ್ ಹಿಡಿದು ಕೂತಿರ್ತೀನಿ. (ಮನೆಯವರ ದೃಷ್ಟಿಯಲ್ಲಿ ಹುಚ್ಚು.)

"ಆದ್ರೂ ಆಯಿಲ್ ಬಾಳಿಕೆ ಬರುತ್ತೆ, ಇದು ಮಾಸಿಹೋಗುತ್ತೆ" ಅಂತಾರೆ. ಬಿಸಿಲು ಬೀಳೋ ಗೋಡೆಗೆ ನೇತುಹಾಕಿದರೆ ಮಾಸದೆ ಇನ್ನೇನು? ಮೈಸೂರಿನ ಹೆಸರಾಂತ ಚಿತ್ರಕಾರ ಕೆ. ವೆಂಕಟಪ್ಪನವರು ಊಟಿಯ ಬೆಟ್ಟ ಮಂಜುಗಳನ್ನ ಬರೆದದ್ದು ಜಲವರ್ಣದಲ್ಲೇ. ಅವರು ತೀರಿಕೊಂಡದ್ದು 1965ರಲ್ಲಿ, ಚಿತ್ರಗಳು ಇವತ್ತಿಗೂ ಇವೆ. ಅವರನ್ನೂ ಆಯಿಲ್ ಯಾವಾಗ ಅಂತ ಕೇಳಿದ್ದರೋ ಏನೋ ಪುಣ್ಯಾತ್ಮರು!

ಒಂದು ಮಾತು ಹೇಳಲೇಬೇಕು. ತೀರ್ಪುಗಾರರಲ್ಲಿ ಒಬ್ಬರು ಚಿತ್ರದ ಹತ್ತಿರ ಬಗ್ಗಿ, ಕಮಾನು ತೋರಿಸಿ, "ಈ ಬಿಳಿ ಕಾಗದದ್ದೇ ತಾನೇ?" ಅಂದರು. ಹೌದು ಅನ್ನೋಕೆ ಗಂಟಲು ಕಟ್ಟಿತು. ಹಾರ, ಶಾಲು, ಸ್ಮರಣಿಕೆ ಎಲ್ಲ ಒಂದು ಕಡೆ, ಆ ಒಂದು ಪ್ರಶ್ನೆ ಒಂದು ಕಡೆ. ಅವರಿಗೆ ನಾನು ಋಣಿ.

ಇನ್ನೊಂದು ಋಣ ಫ್ರೇಮ್ ಅಂಗಡಿಯ ಭಾಯಿಯದು. ಗಾಜು ಕಾಗದಕ್ಕೆ ತಾಗಿದರೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ, ನಡುವೆ ಮೌಂಟ್ (ಚಿತ್ರದ ಸುತ್ತ ಇಡೋ ದಪ್ಪ ರಟ್ಟಿನ ಚೌಕಟ್ಟು) ಹಾಕದೆ ಕೊಡಲ್ಲ ಅಂತ ಹಟ ಹಿಡಿದವರು ಅವರು. ನಾಳೆ ಮಧ್ಯಾಹ್ನ ಅಂಗಡಿ ಮುಚ್ಚಿ ನೋಡೋಕೆ ಬರ್ತಾರಂತೆ. ಪ್ರದರ್ಶನ ಭಾನುವಾರದವರೆಗೂ ಇದೆ, ನೀವೂ ಬನ್ನಿ. ಬೆಳಿಗ್ಗೆ ಹತ್ತರ ಮೇಲೆ ನಾನು ಅಲ್ಲೇ ಇರ್ತೀನಿ.