ಟೆನಿಸ್ ಕೋರ್ಟ್ ಬಾಡಿಗೆ ಬರ್ಕೊಂಡ್ರಾ ಮೇಷ್ಟ್ರೇ?

ಚಿಕ್ಕಬಳ್ಳಾಪುರದಲ್ಲಿ ರಿಟೈರ್ ಆದವರಿಗೆ ಮೊದಲು ಎರಡೇ ಕೆಲಸ ಇತ್ತು. ಬೆಳಿಗ್ಗೆ ವಾಕಿಂಗು, ಸಂಜೆ ಸರ್ಕಾರವನ್ನು ಬೈಯುವುದು. ಈಗ ಮೂರನೆಯದೂ ಸೇರಿದೆ: ಫಾರಿನ್‌ನಲ್ಲಿ ಹೋಗಿ ನೆಲೆಸುವುದು. ಯಾರೂ ಹೋಗಿಲ್ಲ ಬಿಡಿ, ಎಲ್ಲರೂ ಲೆಕ್ಕ ಹಾಕುತ್ತಿದ್ದಾರೆ. ಅದಕ್ಕೊಬ್ಬ ಏಜೆಂಟ್ ಇದ್ದಾನೆ. ಕಲ್ಯಾಣ ಮಂಟಪದಲ್ಲಿ ಸೆಮಿನಾರ್ ಮಾಡುತ್ತಾನೆ, ಬಂದವರಿಗೆ ಉಪ್ಪಿಟ್ಟು ಕೇಸರಿಬಾತ್ ಕೊಡುತ್ತಾನೆ. ‘ತಿಂಗಳಿಗೆ ಒಂದು ಲಕ್ಷ ಇದ್ದರೆ ಥಾಯ್ಲೆಂಡಿನಲ್ಲಿ ರಾಜನ ಹಾಗೆ ಬದುಕಿ’ ಅಂತ ಬ್ಯಾನರ್ ಬೇರೆ. ಥಾಯ್ಲೆಂಡಿನಲ್ಲಿ ನಿಜವಾಗಿಯೂ ಒಬ್ಬ ರಾಜರಿದ್ದಾರೆ. ಅವರಿಗೆ ತಿಂಗಳಿಗೆ ಒಂದು ಲಕ್ಷ ಸಾಕಾಗುತ್ತಾ ಅಂತ ಯಾರೂ ಕೇಳಲಿಲ್ಲ.

ನಮ್ಮ ಬೀದಿಯ ಗಣಿತದ ಮೇಷ್ಟ್ರು ಉಪ್ಪಿಟ್ಟು ತಿಂದದ್ದಲ್ಲದೆ ಅಲ್ಲಿಂದ ಒಂದು ಹಾಳೆಯನ್ನೂ ತಂದರು. ಯಾವ ಊರಲ್ಲಿ ಬದುಕಲು ಎಷ್ಟು ಖರ್ಚು ಅಂತ ಹೋಲಿಸುವ ಹಾಳೆ. ಅದರಲ್ಲಿ ನ್ಯೂಯಾರ್ಕಿಗೆ 100 ಮಾರ್ಕ್ಸು. ಉಳಿದ ಊರುಗಳಿಗೆ ಅದನ್ನು ನೋಡಿಕೊಂಡು ಮಾರ್ಕ್ಸು. ಮಾರ್ಕ್ಸು ಕಡಿಮೆ ಬಂದ ಊರೇ ಒಳ್ಳೆಯ ಊರು. ಜೀವಮಾನವೆಲ್ಲ ಫೇಲಾದ ಹುಡುಗರನ್ನು ಬೈದ ಮೇಷ್ಟ್ರು ಈಗ ಫೇಲಾದ ಊರು ಹುಡುಕುತ್ತಾ ಕೂತಿದ್ದಾರೆ.

ಈ ಮಾರ್ಕ್ಸು ಹಾಕುವುದು ಹೇಗೆ? ಒಂದು ಕಪ್ ಕ್ಯಾಪುಚಿನೋ ರೇಟು. ಜಿಮ್ಮಿಗೆ ತಿಂಗಳ ಫೀಜು. ಒಂದು ಲೀವೈಸ್ ಜೀನ್ಸ್ ಪ್ಯಾಂಟು. ಒಂದು ಪ್ಯಾಕ್ ಮಾರ್ಲ್‌ಬೊರೊ ಸಿಗರೇಟು. ಅರ್ಧ ಲೀಟರ್ ಬಿಯರ್. ಮತ್ತೆ, ಇದನ್ನು ನಾನು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ, ಶನಿವಾರ ಭಾನುವಾರ ಟೆನಿಸ್ ಕೋರ್ಟಿಗೆ ಒಂದು ಗಂಟೆಯ ಬಾಡಿಗೆ.

ಮೇಷ್ಟ್ರು ಕುಡಿಯಲ್ಲ, ಸೇದಲ್ಲ. ಪಂಚೆ ಬಿಟ್ಟು ಪ್ಯಾಂಟು ಹಾಕಿದ್ದು ಡ್ಯೂಟಿಗೆ ಮಾತ್ರ. ಅವರ ಜಿಮ್ಮು ಅಂದ್ರೆ ಮನೆ ಸಂಪು. ನೀರು ಬಿಟ್ಟ ದಿನ ಬಗ್ಗಿ ಎದ್ದು ಬಗ್ಗಿ ಎದ್ದು ಬಿಂದಿಗೆ ತುಂಬುತ್ತಾರೆ. ಆದರೂ ಬಜೆಟ್ಟಿನಲ್ಲಿ ಟೆನಿಸ್ ಕೋರ್ಟ್ ಬಾಡಿಗೆ ಬರೆದುಕೊಂಡಿದ್ದಾರೆ. “ಹಾಳೇಲಿ ಇದೆ ಕಣಪ್ಪಾ, ಬಿಡೋಕಾಗುತ್ತಾ?” ಅಂದರು.

ಅಮ್ಮಾವ್ರು ಅಡುಗೆ ಮನೆಯಿಂದ ಬಂದು ಹಾಳೆ ತೆಗೆದುಕೊಂಡರು. “ರಾಗಿ ಹಿಟ್ಟು ಎಲ್ಲಿದೆ ರೀ ಇದ್ರಲ್ಲಿ?”

“ಅಕ್ಕಿ ಇದೆಯಲ್ಲ.”

“ಅವರೆಕಾಯಿ? ಮುಯ್ಯಿ?”

ಮೇಷ್ಟ್ರು ಸುಮ್ಮನಾದರು. ರಿಟೈರ್ ಆದವರ ನಿಜವಾದ ಖರ್ಚು ಮುಯ್ಯಿಯೇ ಅಲ್ವಾ? ಲಗ್ನ ಇರುವ ತಿಂಗಳಲ್ಲಿ ದಿನಕ್ಕೆರಡು ಮದುವೆ, ನಡುವೆ ಒಂದು ಗೃಹಪ್ರವೇಶ. ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಲ್ಲಿ ಕೂತವರು ಐನೂರು ರೂಪಾಯಿ ಮುಯ್ಯಿ ಮಾಡಲು ವಿಮಾನದಲ್ಲಿ ಬರಬೇಕು. ಬರದಿದ್ದರೆ ಆಡಿಕೊಳ್ಳುತ್ತಾರೆ. ಇದಕ್ಕೆ ಯಾವ ಹಾಳೆಯಲ್ಲೂ ಕಾಲಂ ಇಲ್ಲ.

ಹಾಳೆಯಲ್ಲಿ ಇಲ್ಲದ್ದು ಇನ್ನೂ ಇದೆ. ಥಾಯ್ಲೆಂಡಿನ ನಿವೃತ್ತಿ ವೀಸಾಕ್ಕೆ 50 ವರ್ಷ ದಾಟಿರಬೇಕು. ಅದು ಸುಲಭ, ನಾವೆಲ್ಲ ಪಾಸು. ಆಮೇಲೆ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ವರಮಾನ ತೋರಿಸಬೇಕು. 8 ಲಕ್ಷ ಬಾತ್ ನಮ್ಮ ಲೆಕ್ಕದಲ್ಲಿ 20 ಲಕ್ಷ ದಾಟುತ್ತದೆ. ಬಾತ್ ಅಂದ್ರೆ ಕೇಸರಿಬಾತ್ ಅಂದುಕೊಂಡು ತಲೆ ಆಡಿಸಿದವರೂ ಸೆಮಿನಾರಿನಲ್ಲಿ ಇದ್ದಿರಬಹುದು. ಆ ದುಡ್ಡು ಕಳಿಸುವಾಗ ವರ್ಷಕ್ಕೆ 10 ಲಕ್ಷದ ಮೇಲಿನದಕ್ಕೆ ನಮ್ಮ ಸರ್ಕಾರ 20 ಪರ್ಸೆಂಟ್ ಟಿಸಿಎಸ್, ಅಂದ್ರೆ ಮುಂಗಡ ತೆರಿಗೆ, ಹಿಡಿಯುತ್ತದೆ. 20 ಲಕ್ಷ ಕಳಿಸಿದರೆ 2 ಲಕ್ಷ ಅಲ್ಲೇ ನಿಂತಿತು. ರಿಟರ್ನ್ಸ್ ಹಾಕಿದ ಮೇಲೆ ವಾಪಸ್ ಕೇಳಬಹುದು. ಅಲ್ಲಿ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಇಲ್ಲಿ ಪೆನ್ಷನ್‌ಗೆ ವರ್ಷಕ್ಕೊಮ್ಮೆ ‘ಬದುಕಿದ್ದೇನೆ’ ಅಂತ ತೋರಿಸಬೇಕು. ರಾಜನ ಹಾಗೆ ಬದುಕುವವನು ಎರಡೆರಡು ದೇಶಕ್ಕೆ ಹಾಜರಿ ಹಾಕುತ್ತಿರಬೇಕು.

ತುಟ್ಟಿಭತ್ಯೆ ವಿಷಯವಂತೂ ಕೇಳಲೇಬೇಡಿ. ಅದು ಏರುವುದು ನಮ್ಮ ದೇಶದ ಬೆಲೆ ನೋಡಿ. ಇಲ್ಲಿ ಟೊಮೆಟೊ ಏರಿದರೆ ಪೆನ್ಷನ್ನಿಗೆ ನಾಲ್ಕು ಕಾಸು ಸೇರೀತು. ಚಿಯಾಂಗ್ ಮಾಯ್ ಮನೆ ಓನರ್ ಬಾಡಿಗೆ ಏರಿಸಿದರೆ ವಿಧಾನಸೌಧಕ್ಕೆ ಏನಾಗಬೇಕು?

“ಇಪ್ಪತ್ತೈದು ವರ್ಷಕ್ಕೆ ಬಜೆಟ್ ಹಾಕಿದ್ದೀನಿ, ಪೈಸೆಗೂ ಲೆಕ್ಕ ಇದೆ” ಅಂತಾರೆ ಮೇಷ್ಟ್ರು. ನಮ್ಮ ಜಿಲ್ಲೆಯಲ್ಲಿ ನಿಂತು ಈ ಮಾತು ಆಡಲು ಧೈರ್ಯ ಬೇಕು. ಎತ್ತಿನಹೊಳೆ ನೀರು ತರಲು 2012ರಲ್ಲಿ 8,323 ಕೋಟಿ ಅಂದರು. 2014ರಲ್ಲಿ 12,912 ಕೋಟಿ ಆಯಿತು. 2023ರಲ್ಲಿ 23,251 ಕೋಟಿ. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆಯೂ ಆಯಿತು. ಇಂಜಿನಿಯರುಗಳು, ಹಣಕಾಸು ಇಲಾಖೆ, ಸಚಿವ ಸಂಪುಟ ಎಲ್ಲ ಸೇರಿ ಹಾಕಿದ ಲೆಕ್ಕವೇ ಸಕಲೇಶಪುರದಿಂದ ಚಿಕ್ಕಬಳ್ಳಾಪುರ ಮುಟ್ಟುವ ಮೊದಲೇ ಹೀಗಾಯಿತು. ಮೇಷ್ಟ್ರ ಲೆಕ್ಕ ಸಮುದ್ರ ದಾಟಬೇಕು.

ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ, ಅಲ್ಲಿಗೇ ಹೋಗಬಹುದಲ್ಲ ಅಂದೆ. ಅದನ್ನೂ ನೋಡಿದ್ದಾರಂತೆ. ಅಪ್ಪ ಅಮ್ಮಂದಿರ ಮಾಮೂಲಿ ವೀಸಾಕ್ಕೆ ಈಗ ಅರ್ಜಿ ಹಾಕಿದರೆ ಸುಮಾರು 30 ವರ್ಷ ಕಾಯಬೇಕು ಅಂತ ಆಸ್ಟ್ರೇಲಿಯಾ ಸರ್ಕಾರವೇ ಹೇಳಿದೆ. ಬೇಗ ಬೇಕಾದರೆ ತಲೆಗೆ 40 ಸಾವಿರ ಡಾಲರಿಗೂ ಜಾಸ್ತಿ ಕಟ್ಟುವ ದಾರಿ ಇದೆ. ಆ ಬೇಗ ಅಂದ್ರೂ ಹತ್ತು ವರ್ಷದ ಮೇಲೆ. ಮೇಷ್ಟ್ರಿಗೆ ಈಗ 64. ಮಾಮೂಲಿ ಕ್ಯೂನಲ್ಲಿ ನಿಂತರೆ 94ಕ್ಕೆ ಮಗಳ ಮನೆ. ಅದೊಂದಕ್ಕೆ ಮಾತ್ರ ಅವರು ಬಜೆಟ್ ಹಾಕಿಲ್ಲ.

ಥಾಯ್ಲೆಂಡಿನದು ಇನ್ನೂ ಜೀವಂತ ಇದೆ. 8 ಲಕ್ಷ ಬಾತ್‌ಗೆ ದುಡ್ಡು ಹೊಂದಿಸಲು ನಂದಿ ಬೆಟ್ಟದ ಕಡೆ ಇರುವ ಥರ್ಟಿ ಫಾರ್ಟಿ ಸೈಟು ಮಾರಬೇಕು. ಏಜೆಂಟ್ ಬಿಡುತ್ತಾನಾ? ಮಾರನೆಯ ದಿನವೇ ಪಾರ್ಟಿ ಕರೆದುಕೊಂಡು ಬಂದ. ಬೆಂಗಳೂರಿನ ದಂಪತಿ. ಗಂಡ ಐಟಿ ಕಂಪನಿಯಲ್ಲಿದ್ದು ಈಗ ತಾನೇ ಕೆಲಸ ಬಿಟ್ಟಿದ್ದಾರಂತೆ. ಒಳ್ಳೆ ಗಾಳಿ, ನಾಟಿ ತರಕಾರಿ, ಖರ್ಚು ಕಡಿಮೆ, ಇಲ್ಲೇ ಮನೆ ಕಟ್ಟಿಕೊಂಡು ಆರಾಮಾಗಿ ಇರುವ ಪ್ಲ್ಯಾನು. ಸೈಟು ಸುತ್ತಿ ನೋಡಿ ಆ ಯಜಮಾನರು ಕೇಳಿದ ಮೊದಲ ಪ್ರಶ್ನೆ: “ಸರ್, ಹತ್ತಿರದಲ್ಲಿ ಟೆನಿಸ್ ಕೋರ್ಟ್ ಇದೆಯಾ?”